ಮೂರು ಕೋಟೆ ಮತ್ತು ಅಪ್ಪ

ಅಪ್ಪ ಬಂದು ನಾಲ್ಕು ವಾರವಾಗಿತ್ತು. ಜ್ಯೂರಿಕ್‌ನ ಟ್ರಾಮು, ಚಳಿ, ಸೂಪರ್ ಮಾರ್ಕೆಟ್ಟಿನಲ್ಲಿ ಬದನೆಕಾಯಿ ರೇಟು, ಎಲ್ಲದರ ಬಗ್ಗೆಯೂ ಮಾತಾಡಿ ಮುಗಿಸಿದ್ದೆವು. ಮಾತಾಡದೇ ಉಳಿದಿದ್ದು ಒಂದೇ, ಚಿತ್ರದುರ್ಗದ ಮನೆ ವಿಷಯ. ಅಮ್ಮ ಹೋದ ಮೇಲೆ ಎರಡು ವರ್ಷದಿಂದ ಅಪ್ಪ ಅಲ್ಲಿ ಒಬ್ಬರೇ. ಮನೆ ಮಾರಿ ಬೆಂಗಳೂರಿಗೆ ಬಂದುಬಿಡಿ ಅಂತ ಅಣ್ಣ ಅಲ್ಲಿಂದ, ನಾನು ಇಲ್ಲಿಂದ ಹೇಳದ ದಿನವಿಲ್ಲ. ಒಮ್ಮೆ ಬಚ್ಚಲಲ್ಲಿ ಜಾರಿ ಬಿದ್ದು, ಪಕ್ಕದ ಮನೆಯವರು ಬಂದು ಎಬ್ಬಿಸುವವರೆಗೂ ಅಲ್ಲೇ ಕೂತಿದ್ದರಂತೆ. ಅದನ್ನು ನಮಗೆ ಹೇಳಿದ್ದೂ ಪಕ್ಕದ ಮನೆಯವರೇ, ಅಪ್ಪ ಅಲ್ಲ.

ಈ ಸಲ ಎದುರಿಗೆ ಕೂರಿಸಿಕೊಂಡು ಒಪ್ಪಿಸಿಯೇ ಕಳಿಸಬೇಕು ಅನ್ನೋದು ನನ್ನ ಲೆಕ್ಕಾಚಾರ. ಅದಕ್ಕೆ ಅವರ ಮನಸ್ಸು ಸ್ವಲ್ಪ ಖುಷಿಯಾಗಿರಬೇಕಲ್ಲ? ಏಳು ಸುತ್ತಿನ ಕೋಟೆಯ ಊರಿನವರಿಗೆ ಕೋಟೆಯನ್ನೇ ತೋರಿಸೋಣ ಅಂತ ಒಂದು ಶನಿವಾರ ಬೆಲ್ಲಿಂಜೋನಾಕ್ಕೆ ಹೊರಟೆವು.

ಬೆಲ್ಲಿಂಜೋನಾ ಇರುವುದು ಆಲ್ಪ್ಸ್ ಪರ್ವತದ ದಕ್ಷಿಣದ ಮಗ್ಗುಲಲ್ಲಿ, ಸ್ವಿಟ್ಜರ್ಲೆಂಡಿನ ಇಟಾಲಿಯನ್ ಮಾತಾಡುವ ಟಿಚೀನೋ ಪ್ರಾಂತ್ಯದಲ್ಲಿ. ರೈಲು 2016ರಲ್ಲಿ ತೆರೆದ 57 ಕಿಲೋಮೀಟರ್ ಉದ್ದದ ಗೊಟ್ಹಾರ್ಡ್ ಸುರಂಗದೊಳಗೆ ನುಗ್ಗಿ, ಸುಮಾರು ಇಪ್ಪತ್ತು ನಿಮಿಷ ಕತ್ತಲಲ್ಲೇ ಓಡಿ ಆಚೆ ಬರುತ್ತದೆ. ಅಪ್ಪ ಲೋಕೋಪಯೋಗಿ ಇಲಾಖೆಯಲ್ಲಿ ಮೂವತ್ತು ವರ್ಷ ಇಂಜಿನಿಯರಾಗಿದ್ದವರು. ಅಷ್ಟೂ ಹೊತ್ತು ಕಿಟಕಿಯ ಕತ್ತಲನ್ನೇ ನೋಡುತ್ತಾ, "ನೀರು ಹೆಂಗೆ ಹೊರಗೆ ಹಾಕ್ತಾರೋ?" ಅಂತ ಎರಡು ಸಲ ಕೇಳಿದರು. ನನಗೆಲ್ಲಿ ಗೊತ್ತು!

ಊರಿನಲ್ಲಿ ಶನಿವಾರದ ಸಂತೆ. ಚೀಸು, ಬ್ರೆಡ್ಡು, ಹೂವು, ಜನ. ಊರ ನಡುವೆಯೇ ಒಂದು ದೊಡ್ಡ ಬಂಡೆ, ಅದರ ತಲೆ ಮೇಲೆ ಕಾಸ್ಟೆಲ್‌ಗ್ರಾಂಡೆ ಕೋಟೆ. ಎದುರಿನ ಬೆಟ್ಟದ ಮೇಲೆ ಸ್ವಲ್ಪ ಎತ್ತರದಲ್ಲಿ ಮಾಂಟೆಬೆಲ್ಲೋ, ಅದಕ್ಕೂ ತುಂಬಾ ಮೇಲೆ ಸಾಸ್ಸೋ ಕೊರ್ಬಾರೋ. ಒಂದೇ ಊರಿಗೆ ಮೂರು ಕೋಟೆ! 2000ದಲ್ಲಿ ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿಗೆ ಸೇರಿದವು.

ಮೊದಲನೇ ಕೋಟೆಗೆ ಹೋಗಲು ಬಂಡೆಯನ್ನೇ ಸೀಳಿ ಒಳಗೆ ಲಿಫ್ಟ್ ಇಟ್ಟಿದ್ದಾರೆ, ಆರೆಲಿಯೋ ಗಾಲ್ಫೆಟ್ಟಿ ಎಂಬ ವಾಸ್ತುಶಿಲ್ಪಿಯ ಕೆಲಸ. ಅಪ್ಪ ಬಾಗಿಲ ಮುಂದೆ ನಿಂತುಬಿಟ್ಟರು.

"ಕೋಟೆಗೆ ಯಾರಾದ್ರೂ ಲಿಫ್ಟಲ್ಲಿ ಹೋಗ್ತಾರೇನೋ? ಮೆಟ್ಟಿಲಲ್ಲಿ ಹೋಗಣ ನಡಿ."

"ಬೇಡಪ್ಪ, ಮಂಡಿ ನೋವು ಬರುತ್ತೆ."

"ಏನೂ ಆಗಲ್ಲ."

"ಬಚ್ಚಲಲ್ಲಿ ಬಿದ್ದಾಗ್ಲೂ ಏನೂ ಆಗಲ್ಲ ಅಂತಾನೇ ಅಂದುಕೊಂಡಿದ್ರಾ?"

ನನ್ನ ಬಾಯಿಂದ ಬಂದೇಹೋಯಿತು. ದನಿಯೂ ಸ್ವಲ್ಪ ಜೋರಾಗಿಯೇ ಇತ್ತು. ಅಪ್ಪ ಏನೂ ಹೇಳಲಿಲ್ಲ. ಸುಮ್ಮನೆ ಲಿಫ್ಟಿನೊಳಗೆ ಹೋಗಿ ಮೂಲೆಯಲ್ಲಿ ನಿಂತರು. ಒಳ್ಳೇ ಮೂಡು ಮಾಡಲು ಹೋದವನ ಕಥೆ ಇದು.

ಮೇಲೆ ಹೋದರೆ ದೊಡ್ಡ ಹುಲ್ಲುಹಾಸು, ಕರಿ ಗೋಪುರ, ಬಿಳಿ ಗೋಪುರ ಅಂತ ಎರಡು ಗೋಪುರ, ಮೀನಿನ ಬಾಲದ ಹಾಗೆ ಸೀಳಿದ ತೆನೆಗಳ ಗೋಡೆ. ಅಲ್ಲಿ ನಿಂತು ನೋಡಿದರೆ ಕೋಟೆ ಯಾಕೆ ಇಲ್ಲೇ ಅಂತ ತಾನಾಗಿ ಗೊತ್ತಾಗುತ್ತದೆ. ಗೊಟ್ಹಾರ್ಡ್, ಸ್ಯಾನ್ ಬರ್ನಾರ್ಡಿನೋ ಕಣಿವೆದಾರಿಗಳಿಂದ ಇಳಿದವರೆಲ್ಲ ಮಿಲಾನ್ ಕಡೆ ಹೋಗಲು ಈ ಕಿರಿದಾದ ಜಾಗದಲ್ಲೇ ನುಸುಳಬೇಕು. ಇಲ್ಲಿ ಒಂದು ಬಾಗಿಲು ಹಾಕಿದರೆ ಆಲ್ಪ್ಸ್‌ಗೇ ಬೀಗ ಜಡಿದ ಹಾಗೆ. ಮಿಲಾನಿನ ದೊರೆಗಳು ಮಾಡಿದ್ದೂ ಅದನ್ನೇ. ಬಂಡೆಯಿಂದ ಟಿಚೀನೋ ನದಿಯವರೆಗೆ ಕಣಿವೆಗೆ ಅಡ್ಡವಾಗಿ ಗೋಡೆ ಎಬ್ಬಿಸಿದರು. ಮುರಾಟಾ ಅಂತ ಅದರ ಹೆಸರು, ಒಳಗೇ ನಡೆದು ಹೋಗಲು ಕಮಾನಿನ ಓಣಿಯಿದೆ.

ಆ ಓಣಿಯ ಕೊನೆಯಲ್ಲಿ ಅಪ್ಪ ಮೊದಲ ಸಲ ಬಾಯಿಬಿಟ್ಟರು. "ನದಿ ಇನ್ನೂ ಅಲ್ಲಿದೆ. ಗೋಡೆ ಯಾಕೆ ಇಲ್ಲಿಗೇ ನಿಂತಿದೆ?"

ಇದಕ್ಕೆ ನಾನು ಓದಿಕೊಂಡು ಬಂದಿದ್ದೆ. 1513ರಲ್ಲಿ ಮೇಲಿನ ಬಿಯಾಸ್ಕಾ ಊರಿನ ಹತ್ತಿರ ಬೆಟ್ಟ ಕುಸಿದು ಬ್ರೆನ್ನೋ ನದಿಗೆ ಅಡ್ಡ ಬಿತ್ತು, ಹಿಂದೆ ಕೆರೆ ನಿಂತಿತು. 1515ರಲ್ಲಿ ಆ ಕಟ್ಟೆ ಒಡೆದು ಬಂದ ನೀರು ಈ ಗೋಡೆಯ ತುದಿಯನ್ನೂ ಸೇತುವೆಯನ್ನೂ ಕೊಚ್ಚಿಕೊಂಡು ಹೋಯಿತು.

"ಶತ್ರು ಬರೋ ಕಡೆ ನೋಡ್ಕೊಂಡು ಕಟ್ಟಿದ್ರು, ನೀರು ಬರೋ ಕಡೆ ನೋಡ್ಲಿಲ್ಲ," ಅಂದರು. ಇಂಜಿನಿಯರ್ ಸಾಹೇಬರು ಮಾತಿಗೆ ಬಂದರಲ್ಲ ಅಂತ ನನಗೆ ಜೀವ ಬಂತು.

ಮಾಂಟೆಬೆಲ್ಲೋಗೆ ಹಟ ಹಿಡಿದು ನಡೆದೇ ಹತ್ತಿದರು. ನಾನು ಬೇಡ ಅನ್ನಲಿಲ್ಲ. ನಾಲ್ಕು ಕಡೆ ಕೂತು, ನೀರು ಕುಡಿದು, ಅಂತೂ ತಲುಪಿದೆವು. ಮಂಡಿ ಹಿಡಿದುಕೊಂಡು ಬೆಂಚಿನ ಮೇಲೆ ಕೂತವರು, "ಆಮೇಲೇನಾಯ್ತು ಕೋಟೆ ಕಥೆ? ಕೊನೆಗೆ ಯಾರು ಗೆದ್ರು?" ಅಂದರು.

ಹೇಳಿದೆ. 1478ರಲ್ಲಿ ಉತ್ತರದ ಸ್ವಿಸ್ಸರು ಬಂದು ಈ ಊರಿಗೆ ಮುತ್ತಿಗೆ ಹಾಕಿದರು, ಆಗಲಿಲ್ಲ. ಅದೇ ಡಿಸೆಂಬರಿನಲ್ಲಿ ಜಿಯೋರ್ನಿಕೋ ಅನ್ನುವಲ್ಲಿ ಮಿಲಾನಿನ ಸೈನ್ಯ ಅವರ ಕೈಯಲ್ಲಿ ಸೋತಿತು. ಹೆದರಿದ ಮಿಲಾನಿನವರು 1479ರಲ್ಲಿ ಮೂರನೇ ಕೋಟೆ ಸಾಸ್ಸೋ ಕೊರ್ಬಾರೋವನ್ನು ಆರೇ ತಿಂಗಳಲ್ಲಿ ಎಬ್ಬಿಸಿದರು. ಇಪ್ಪತ್ತು ವರ್ಷ ಕಳೆದು ಮಿಲಾನೇ ಫ್ರೆಂಚರ ಪಾಲಾಯಿತು. ಆಗ ಬೆಲ್ಲಿಂಜೋನಾದ ಜನ ಇಲ್ಲಿದ್ದ ಫ್ರೆಂಚರನ್ನು ಓಡಿಸಿ, 1500ರಲ್ಲಿ ತಾವಾಗಿಯೇ ಊರನ್ನು ಸ್ವಿಸ್ಸರಿಗೆ ಒಪ್ಪಿಸಿದರು. ಉರಿ, ಶ್ವೀಜ್, ನಿಡ್‌ವಾಲ್ಡೆನ್ ಅನ್ನುವ ಮೂರು ಕ್ಯಾಂಟನ್‌ಗಳಿಗೆ. ಕೋಟೆಗಳಿಗೂ ಅವರ ಹೆಸರೇ ಬಂತು. ಮುಂದೆ ಸುಮಾರು ಮುನ್ನೂರು ವರ್ಷ ಅವರು ಕಳಿಸಿದ ಅಧಿಕಾರಿಗಳದೇ ಆಡಳಿತ. ಟಿಚೀನೋ ಸ್ವಂತ ಕ್ಯಾಂಟನ್ ಆಗಿ ಉಳಿದವರ ಸಮಕ್ಕೆ ನಿಂತಿದ್ದು 1803ರಲ್ಲಿ.

ಅಪ್ಪ ಹೂಂ ಅಂದರು. "ನೀನು ಮೇಲಿಂದು ನೋಡ್ಕೊಂಡು ಬಾ. ನಾನು ಇಲ್ಲೇ ಇರ್ತೀನಿ."

ಮೂರನೇ ಕೋಟೆಗೆ ಒಬ್ಬನೇ ಹತ್ತಿದೆ. ಊರಿನಿಂದ ಇನ್ನೂರು ಮೀಟರಿಗೂ ಹೆಚ್ಚು ಎತ್ತರ. ಚೌಕಾಕಾರದ ಪುಟ್ಟ ಕೋಟೆ, ಮೂಲೆಯಲ್ಲಿ ಗೋಪುರ. ಭಯದಲ್ಲಿ ಆರು ತಿಂಗಳಿಗೆ ಕಟ್ಟಿದ್ದು ಅಂತ ನೋಡಿದರೆ ಗೊತ್ತಾಗುವುದೇ ಇಲ್ಲ, ಅಷ್ಟು ಗಟ್ಟಿ. ಆದರೆ ಊರು ಕೈಬದಲಾದಾಗ ಅದು ಏನು ತಡೆಯಿತು? ಅಲ್ಲಿಂದ ಬಗ್ಗಿ ನೋಡಿದೆ, ಮಾಂಟೆಬೆಲ್ಲೋ ಅಂಗೈಯಗಲ ಕಂಡಿತು. ಬೆಂಚು ಕಾಣಲಿಲ್ಲ. ಅಷ್ಟಕ್ಕೇ ಗಾಬರಿಯಾಗಿ ಹೆಚ್ಚೂಕಡಿಮೆ ಓಡಿಕೊಂಡೇ ಇಳಿದೆ.

ಅಪ್ಪ ಅಲ್ಲೇ ಇದ್ದರು, ಆರಾಮಾಗಿ ಕಿತ್ತಳೆ ಸುಲಿಯುತ್ತಾ. ನನಗೂ ಎರಡು ತೊಳೆ ಕೊಟ್ಟರು.

"ಅಲ್ಲ ಕಣೋ, 1478ರಲ್ಲಿ ಮುತ್ತಿಗೆ ಹಾಕಿದವರು ಯಾರು ಅಂದೆ?"

"ಸ್ವಿಸ್ಸರು."

"1500ರಲ್ಲಿ ಊರು ಕೊಟ್ಟಿದ್ದು ಯಾರಿಗೆ?"

"ಅವರಿಗೇ."

"ಮತ್ತೆ?"

ನನಗೆ ನಗಬೇಕೋ ಏನೋ ತಿಳಿಯಲಿಲ್ಲ. ಅಪ್ಪ ಸಿಪ್ಪೆಯನ್ನು ಕವರಿಗೆ ಹಾಕುತ್ತಾ ಅಂದರು, "ಕೊಟ್ಟಮೇಲೆ ಮುನ್ನೂರು ವರ್ಷ ಅವರ ಕೈಕೆಳಗೆ ಇರಬೇಕಾಯ್ತಲ್ಲ, ಅದೂ ನೋಡ್ಬೇಕಲ್ಲಪ್ಪ. ನಿಮ್ಮಣ್ಣನ ಮನೇಲಿ ಬೆಳಿಗ್ಗೆ ನಾಲ್ಕೂವರೆಗೆ ಎದ್ದು ರೇಡಿಯೋ ಹಾಕೋಕಾಗುತ್ತಾ?"

ಎರಡು ವರ್ಷದಲ್ಲಿ ನಾನಾಗಲಿ ಅಣ್ಣನಾಗಲಿ ಇದನ್ನು ಕೇಳಿರಲೇ ಇಲ್ಲ. ಮಂಡಿ, ಬಿಪಿ, ಆಸ್ಪತ್ರೆ ಎಷ್ಟು ದೂರ ಅಂತೆಲ್ಲ ಲೆಕ್ಕ ಹಾಕಿದ್ದೆವು, ರೇಡಿಯೋ ಲೆಕ್ಕದಲ್ಲಿರಲಿಲ್ಲ. ಒಪ್ಪಿಸಲು ತಯಾರು ಮಾಡಿಕೊಂಡಿದ್ದ ಮಾತು ಯಾವುದೂ ಆಮೇಲೆ ಬಾಯಿಗೆ ಬರಲಿಲ್ಲ. ಇಳಿಯುವಾಗ ಮಾತ್ರ ನನ್ನ ಭುಜ ಹಿಡಿದುಕೊಂಡೇ ಇಳಿದರು, ಕೇಳದೇನೇ.

ಮನೆ ಇನ್ನೂ ಮಾರಿಲ್ಲ. ಊರಿಗೆ ಹೋದ ವಾರವೇ ಬಚ್ಚಲಿಗೆ ಸ್ಟೀಲ್ ಹಿಡಿಕೆ ಹಾಕಿಸಿದರಂತೆ, ಒಂದು ಬೀಗದ ಕೈ ಪಕ್ಕದ ಮನೆಗೆ ಕೊಟ್ಟಿದ್ದಾರಂತೆ. ಇದನ್ನು ಈ ಸಲ ಪಕ್ಕದ ಮನೆಯವರಲ್ಲ, ಅಪ್ಪನೇ ಫೋನಿನಲ್ಲಿ ಹೇಳಿದ್ದು. ಬೆಂಗಳೂರು ವಿಷಯ ನಾನು ಎತ್ತಲಿಲ್ಲ. ರೇಡಿಯೋದಲ್ಲಿ ಬೆಳಿಗ್ಗೆ ಏನು ಬಂತು ಅಂತ ಕೇಳಿದೆ.