ಆಡು ಮುಟ್ಟದ ಗಿಡ

ಕಳ್ಳಂಬೆಳ್ಳ. ಮನೆ ಮುಂದಿನ ಚರಂಡಿ ಕಲ್ಲಿನ ಸಂದಿಯಲ್ಲಿ ಕಾಶಿಕಣಗಿಲೆ. ಯಾರೂ ನೆಟ್ಟಿದ್ದಲ್ಲ, ನೀರು ಹಾಕಿದ್ದೂ ಇಲ್ಲ. ಈ ಬಿಸಿಲಲ್ಲೂ ಐದೆಸಳಿನ ನಸುಗೆಂಪು ಹೂ, ನಡುವೆ ಕಡುಗೆಂಪು ಚುಕ್ಕೆ. ಪಕ್ಕದ ಮನೆಯ ಆಡು ಬೇಲಿಯ ಜಾಲಿಯನ್ನೂ ಬಿಡುವುದಿಲ್ಲ, ಇದನ್ನು ಮಾತ್ರ ಮೂಸಿ ಮುಂದೆ ಹೋಯಿತು. ಆಡು ಮುಟ್ಟದ ಸೊಪ್ಪಿಲ್ಲ ಎನ್ನುತ್ತಾರೆ. ಇಲ್ಲೊಂದಿದೆ.

*

ಇದರ ಎಲೆಯಿಂದಲೇ ವಿನ್‌ಕ್ರಿಸ್ಟಿನ್ ಎಂಬ ಕ್ಯಾನ್ಸರ್ ಔಷಧಿ. ಒಂದು ಗ್ರಾಂ ತೆಗೆಯಲು ನೂರಾರು ಕಿಲೋ ಒಣ ಎಲೆ ಬೇಕು. ದೊಡ್ಡವರಿಗೆ ಒಂದು ಸಲಕ್ಕೆ ಕೊಡುವುದು ಸಾಮಾನ್ಯವಾಗಿ 2 ಮಿಲಿಗ್ರಾಂ ಮೀರುವುದಿಲ್ಲ. ದೊಡ್ಡಮ್ಮನ ಲಿಂಫೋಮಾಕ್ಕೆ ಹಾಕಿದ ಔಷಧಿಗಳಲ್ಲಿ ಇದೂ ಇತ್ತು. ಕತ್ತಿನ ಗಂಟು ಕರಗಿ, ಒಂದು ವರ್ಷ ಹೊಲಕ್ಕೂ ಹೋಗಿಬಂದರು. ಮೊನ್ನೆ ನನ್ನ ಕೈ ಹಿಡಿದು ಕತ್ತಿಗೆ ಮುಟ್ಟಿಸಿಕೊಂಡರು. ಕಡಲೆಕಾಯಿಯಷ್ಟು ಗಟ್ಟಿ.

"ಮತ್ತೆ ಎದ್ದೈತೆ ಕಣಪ್ಪ. ಅದೇ ಔಷ್ದಿ ಈಗ್ಯಾಕೆ ನಾಟಲ್ವಂತೆ?"

ಉತ್ತರ ಗೊತ್ತಿರಲಿಲ್ಲ. ಅವತ್ತಿನಿಂದ ಓದುತ್ತಿದ್ದೇನೆ.

*

1976, ಟೊರಾಂಟೊ. ಜೂಲಿಯಾನೊ, ಲಿಂಗ್ ಎಂಬ ಇಬ್ಬರು ಕೊಲ್ಚಿಸಿನ್ ವಿಷಕ್ಕೂ ಜಗ್ಗದ ಹ್ಯಾಮ್‌ಸ್ಟರ್ ಜೀವಕೋಶಗಳನ್ನು ಪರೀಕ್ಷಿಸಿದರು. ಹೊರಪೊರೆಯಲ್ಲಿ ಒಂದು ಪ್ರೋಟೀನು ಹೆಚ್ಚಾಗಿತ್ತು. ಹೆಸರು ಪಿ-ಗ್ಲೈಕೊಪ್ರೋಟೀನ್. ಮನುಷ್ಯರಲ್ಲಿ ಅದನ್ನು ಮಾಡಿಸುವ ಜೀನ್ 7ನೇ ಕ್ರೋಮೋಸೋಮಿನಲ್ಲಿದೆ: ಎಂಡಿಆರ್1, ಈಗಿನ ಹೆಸರು ಎಬಿಸಿಬಿ1.

ಅದೊಂದು ಪಂಪು. ಬೋರ್‌ವೆಲ್ ಮೋಟರಿಗೆ ಕರೆಂಟು ಇದ್ದಂತೆ ಇದಕ್ಕೆ ಕೋಶದ ಇಂಧನವಾದ ಎಟಿಪಿ. ಒಳಗೆ ಬರಲು ಹೊರಟ ಔಷಧಿಯನ್ನು ಜಗುಲಿಯಲ್ಲೇ ಹಿಡಿದು ಬೀದಿಗೆ ತಳ್ಳುತ್ತದೆ. ಕೆಲವು ಕೋಶಗಳಲ್ಲಿ ಈ ಪಂಪು ಮೊದಲೇ ಹೆಚ್ಚಿರುತ್ತದೆ. ಔಷಧಿ ಉಳಿದವನ್ನು ಕೊಂದಾಗ ಆ ಜಾಗವೆಲ್ಲ ಇವುಗಳದಾಗುತ್ತದೆ. ಕೆಲವು ಕೋಶಗಳಲ್ಲಿ ಜೀನಿನ ಪ್ರತಿಗಳೇ ಹೆಚ್ಚುತ್ತವೆ.

*

ನಿದ್ದೆಗೆಡಿಸಿದ್ದು ಇದು. ವಿನ್‌ಕ್ರಿಸ್ಟಿನ್ ಗಿಡದ್ದು. ಡಾಕ್ಸೊರುಬಿಸಿನ್ ಮಣ್ಣಿನ ಬ್ಯಾಕ್ಟೀರಿಯಾದ್ದು. ಪ್ಯಾಕ್ಲಿಟ್ಯಾಕ್ಸೆಲ್ ಯೂ ಮರದ ತೊಗಟೆಯದ್ದು. ಮೂರೂ ಕ್ಯಾನ್ಸರ್ ಔಷಧಿಗಳೇ, ಆದರೆ ಆಕಾರ ಬೇರೆ, ಕೊಲ್ಲುವ ಬಗೆಯೂ ಬೇರೆ. ಒಂದನ್ನು ಹೊರದಬ್ಬಲು ಕಲಿತ ಕೋಶ ತಾನು ಕಂಡೇ ಇರದ ಇನ್ನೊಂದನ್ನೂ ದಬ್ಬುತ್ತದೆ! ಪಂಪಿನ ಒಳಗಿರುವುದು ಬೀಗದಂಥ ಕಿರಿದಾದ ತೂತಲ್ಲ, ದೊಡ್ಡ ಜೋಳಿಗೆ. ಜಿಡ್ಡಿಗೆ ಅಂಟುವ ಗುಣದ ಎಷ್ಟೋ ವಸ್ತುಗಳು ಅದರಲ್ಲಿ ಹಿಡಿಸುತ್ತವೆ.

*

ಇಂಥ ಕೇಡು ನಮ್ಮ ಮೈಯಲ್ಲೇ ಯಾಕಿದೆ? 1994ರಲ್ಲಿ ನೆದರ್‌ಲ್ಯಾಂಡ್ಸ್‌ನಲ್ಲಿ ಶಿಂಕೆಲ್ ತಂಡ ಈ ಪಂಪಿನ ಜೀನ್ ತೆಗೆದ ಇಲಿಗಳನ್ನು ಸಾಕಿತ್ತು. ನುಸಿ ಹತ್ತಿತೆಂದು ಐವರ್ಮೆಕ್ಟಿನ್ ಸಿಂಪಡಿಸಿದರು. ನಮ್ಮ ಕಡೆ ಕುರಿಗಳ ಹುಳಕ್ಕೆ ಕೊಡುವ ಔಷಧಿಯೇ. ಮಿಕ್ಕ ಇಲಿಗಳಿಗೆ ಏನೂ ಆಗಲಿಲ್ಲ, ಜೀನ್ ಇಲ್ಲದವು ಸತ್ತವು. ವಿಷ ಅವುಗಳ ಮಿದುಳಿಗೆ ಇಳಿದಿತ್ತು. ಕರುಳು, ಪಿತ್ತಜನಕಾಂಗ, ಮೂತ್ರಪಿಂಡ, ಮಿದುಳಿನ ರಕ್ತನಾಳಗಳಲ್ಲಿ ಈ ಪಂಪೇ ಕಾವಲು. ನಾವು ತಿನ್ನುವ ಸೊಪ್ಪುಸದೆಯ ವಿಷ ತಡೆಯುವುದರಲ್ಲಿ ಇದರ ಪಾಲೂ ಇದೆ. ಕ್ಯಾನ್ಸರ್ ಹೊಸದೇನನ್ನೂ ಕಟ್ಟಲಿಲ್ಲ, ಮನೆಯ ಕಾವಲುಗಾರನನ್ನೇ ತನ್ನ ಬಾಗಿಲಿಗೆ ನಿಲ್ಲಿಸಿಕೊಂಡಿತು.

*

ಹಾಗಾದರೆ ಪಂಪು ನಿಲ್ಲಿಸಬಾರದೇ? 1981ರಲ್ಲಿ ಜಪಾನಿನ ತ್ಸುರುವೊ ಬಿ.ಪಿ.ಗೆ ಕೊಡುವ ವೆರಪಮಿಲ್ ಹಾಕಿದಾಗ ಜಗ್ಗದ ಕೋಶಗಳಿಗೂ ವಿನ್‌ಕ್ರಿಸ್ಟಿನ್ ನಾಟಿತು. ಮನುಷ್ಯರಿಗೆ ಅಷ್ಟು ಪ್ರಮಾಣ ಕೊಟ್ಟರೆ ಹೃದಯ ತಡೆಯದು. ಆಮೇಲೆ ಬಂದ ಔಷಧಿಗಳು ಒಳ್ಳೆಯ ಕಾವಲನ್ನೂ ನಿಲ್ಲಿಸಿದವು, ಕೀಮೋದ ನಂಜು ರಕ್ತದಲ್ಲಿ ಏರಿತು. ದೊಡ್ಡ ಪ್ರಯೋಗಗಳಲ್ಲಿ ಹೆಚ್ಚಿನವು ಗೆಲ್ಲಲಿಲ್ಲ. ಪಂಪಿನ ಜೀನ್‌ಗಳೂ ಒಂದೇ ಅಲ್ಲ. ಎಬಿಸಿಸಿ1, ಎಬಿಸಿಜಿ2 ಕೂಡ ಇವೆ. ಪಂಪೇ ಇಲ್ಲದೆ ಔಷಧಿಯಿಂದ ತಪ್ಪಿಸಿಕೊಳ್ಳುವ ಕೋಶಗಳೂ ಇವೆ.

ದೊಡ್ಡಮ್ಮನಿಗೆ ಹೇಳಿದೆ: "ನಿನ್ನ ತಪ್ಪಲ್ಲ ದೊಡ್ಡಮ್ಮ, ಪಥ್ಯ ಕೆಟ್ಟಿದ್ದಲ್ಲ." ಅವರಿಗೆ ಬೇಕಿದ್ದದ್ದು ಆ ಮಾತು. ಬೇರೆ ಔಷಧಿ ಶುರುವಾಗಿದೆ.

*

ಊರಲ್ಲಿ ಸಕ್ಕರೆ ಕಾಯಿಲೆಗೆಂದು ಕಾಶಿಕಣಗಿಲೆ ಕಷಾಯ ಕುಡಿಯುವವರಿದ್ದಾರೆ. ಕೀಮೋ ಔಷಧಿ ತೆಗೆಯುವ ಎಲೆಯೇ ಇದು, ದಯವಿಟ್ಟು ಬೇಡ. ವೆರಪಮಿಲ್‌ನಂತೆ ಪಂಪಿಗೆ ಅಡ್ಡ ಬರುವವು ಇರಬಹುದು, ಹಾಗಾಗಿ ಕೀಮೋ ನಡೆಯುತ್ತಿರುವವರು ಬಿ.ಪಿ. ಮಾತ್ರೆಯಿಂದ ಹಿಡಿದು ನಾಟಿ ಪುಡಿಯವರೆಗೆ ನುಂಗುವ ಪ್ರತಿಯೊಂದನ್ನೂ ಚೀಟಿಯಲ್ಲಿ ಬರೆದುಕೊಂಡು ಹೋಗಿ ಡಾಕ್ಟರಿಗೆ ತೋರಿಸಿ.