ಧರ್ಮಸ್ಥಳದ ದಾರಿಯಲ್ಲಿ ಮಕ್ಕಳೊಡನೆ

ಮಂಜೇಶ್ವರದಿಂದ ಧರ್ಮಸ್ಥಳಕ್ಕೆ ಹೋಗುವವರು ತಲಪಾಡಿ ಗಡಿ ದಾಟಿ, ಮಂಗಳೂರು, ಬಿ.ಸಿ. ರೋಡು ಮಾರ್ಗವಾಗಿ ಬೆಳ್ತಂಗಡಿ ಸೇರಬೇಕು. ಈ ಬೇಸಿಗೆ ರಜೆಯಲ್ಲಿ ನಾವು ಮನೆಯ ಮತ್ತು ನೆರೆಮನೆಯ ಹರೆಯದ ಮಕ್ಕಳನ್ನು ಕರೆದುಕೊಂಡು, ಬಂಗ್ರ ಮಂಜೇಶ್ವರದ ಬಸದಿಯಲ್ಲಿ ದರ್ಶನ ಮಾಡಿ ಹೊರಟೆವು.

ಬೆಳ್ತಂಗಡಿ ದಾಟಿದೊಡನೆ ಲಾಯಿಲ ಸಿಗುತ್ತದೆ. ಅಲ್ಲಿ ವ್ಯಸನಮುಕ್ತಿ ಕೇಂದ್ರವಿದೆ. ಪೂಜ್ಯ ಡಾ. ಡಿ. ವೀರೇಂದ್ರ ಹೆಗ್ಗಡೆಯವರ ಮಾರ್ಗದರ್ಶನದಲ್ಲಿ ಜನಜಾಗೃತಿ ವೇದಿಕೆಯು ಊರೂರುಗಳಲ್ಲಿ ಎಂಟು ದಿನಗಳ ಮದ್ಯವರ್ಜನ ಶಿಬಿರಗಳನ್ನೂ ನಡೆಸುತ್ತ ಬಂದಿದೆ. ಯೋಗ, ಭಜನೆ, ಸಲಹೆ ಎಲ್ಲವೂ ಅಲ್ಲಿ ಉಂಟು. ನಮಗೆ ಬಹಳ ಹಿಡಿಸಿದ್ದು ಶಿಬಿರ ಮುಗಿದ ಮೇಲಿನ ವ್ಯವಸ್ಥೆ. ಕುಡಿತ ಬಿಟ್ಟವರೇ ಊರಲ್ಲಿ ನವಜೀವನ ಸಮಿತಿ ಕಟ್ಟಿಕೊಂಡು ಆಗಾಗ ಸೇರುತ್ತಾರೆ. ಒಬ್ಬನ ಮನಸ್ಸು ಜಾರಿದರೆ ಉಳಿದವರು ಕೈ ಹಿಡಿಯುತ್ತಾರೆ. ಬಿಡುವುದಕ್ಕಿಂತ ಬಿಟ್ಟಂತೆ ಇರುವುದೇ ಕಷ್ಟ. ಅದು ಒಬ್ಬನಿಂದ ಆಗುವ ಕೆಲಸವಲ್ಲ.

ಧರ್ಮಸ್ಥಳದಲ್ಲಿ ರತ್ನಗಿರಿ ಹತ್ತಿ, 1982ರಲ್ಲಿ ಪ್ರತಿಷ್ಠೆಯಾದ 39 ಅಡಿಯ ಬಾಹುಬಲಿ ಸ್ವಾಮಿಯ ದರ್ಶನ ಪಡೆದು ನೆರಳಲ್ಲಿ ಕುಳಿತೆವು. ಸಪ್ತವ್ಯಸನಗಳಲ್ಲಿ ಜೂಜು, ಮದ್ಯ ಎರಡೂ ಯಾಕೆ ಸೇರಿವೆ ಎಂದು ಮಾತು ಬಂತು. ಹದಿನಾರರ ಹುಡುಗನೊಬ್ಬ, "ಅಜ್ಜ, ಗೆಳೆಯನೇ ಕೊಟ್ಟರೆ ಬೇಡ ಅನ್ನುವುದು ಹೇಗೆ?" ಎಂದು ಕೇಳಿದ.

ನಾವೆಂದೆವು: "ಮೊದಲ ಪೊಟ್ಟಣ ಪುಕ್ಕಟೆಯೇ ಸಿಗುವುದು, ಮಗು. ಗಿರಾಕಿ ಕುದುರುವ ತನಕ ಸ್ಯಾಂಪಲ್ ಹಂಚುವ ಉಪಾಯ ಅಂಗಡಿಯವರಾದ ನಮಗೆ ಗೊತ್ತಿಲ್ಲವೇ? ‘ನನಗೆ ಬೇಡ’ ಎಂದು ಒಂದೇ ಮಾತು ಹೇಳಿ ಎದ್ದು ಬಾ. ಕಾರಣ ಹೇಳುತ್ತಾ ಕುಳಿತರೆ ಚೌಕಾಸಿ ಶುರುವಾಗುತ್ತದೆ. ತಪ್ಪಿ ತೆಗೆದುಕೊಂಡಿದ್ದರೂ ಮನೆಗೆ ಬಂದು ಹೇಳು, ಬೈಯುವುದಿಲ್ಲ."

ಆ ಕೊನೆಯ ಮಾತನ್ನು ಉಳಿಸಿಕೊಳ್ಳಬೇಕಾದವರು ಹಿರಿಯರು. ಮಗ ದಾರಿ ತಪ್ಪಿದರೆ ಸಂಬಂಧ ತಪ್ಪೀತು, ಅಂಗಡಿಯ ಹೆಸರು ಹೋದೀತು ಎಂದು ನಮ್ಮ ಮನೆಗಳಲ್ಲಿ ಬಾಯಿ ಮುಚ್ಚುತ್ತಾರೆ. ಮುಚ್ಚಿಟ್ಟ ಸಾಲಕ್ಕೆ ಬಡ್ಡಿ ಏರುವಂತೆ ರೋಗವೂ ಏರುತ್ತದೆ. ವ್ಯಸನ ರೋಗವೇ, ಅದಕ್ಕೆ ವೈದ್ಯರು ಬೇಕು. ಬಹಳ ಕುಡಿಯುವವನು ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬರುವುದುಂಟು. ಕೋಣೆಯಲ್ಲಿ ಕೂಡಿಹಾಕುವುದು ಉಪಾಯವಲ್ಲ. ಕೇರಳ ಸರಕಾರದ ವಿಮುಕ್ತಿ ಯೋಜನೆ 2016ರಲ್ಲಿ ಶುರುವಾಯಿತು. ವ್ಯಸನಮುಕ್ತಿಗೆಂದೇ ಇರುವ 14446 ಎಂಬ ರಾಷ್ಟ್ರೀಯ ಸಹಾಯವಾಣಿಗೆ ಕರೆ ಮಾಡಿದರೆ ಖರ್ಚಿಲ್ಲ.

ವ್ಯಾಪಾರಸ್ಥ ಬಾಂಧವರಲ್ಲಿ ಇನ್ನೊಂದು ಬಿನ್ನಹ. 18 ವರ್ಷ ತುಂಬದವರಿಗೆ ತಂಬಾಕು ಮಾರುವುದನ್ನೂ, ಶಾಲೆ-ಕಾಲೇಜಿನಿಂದ 100 ಗಜದೊಳಗೆ ಮಾರುವುದನ್ನೂ 2003ರ ಕಾಯಿದೆ ನಿಷೇಧಿಸಿದೆ. ಮಕ್ಕಳಿಗೆ ತಂಬಾಕು, ಮದ್ಯ, ಮಾದಕ ವಸ್ತು ಕೊಟ್ಟವರಿಗೆ 2015ರ ಬಾಲನ್ಯಾಯ ಕಾಯಿದೆಯಂತೆ 7 ವರ್ಷಗಳ ತನಕ ಸಜೆಯಾಗಬಹುದು. ಕಾಯಿದೆಯ ಮಾತು ಹಾಗಿರಲಿ. ಪರರ ಮಗನಿಗೆ ಸಿಗರೇಟು ಮಾರಿದ ಕೈಯಲ್ಲಿ ನಮ್ಮ ಮಗನಿಗೆ ಬುದ್ಧಿ ಹೇಳಲಾದೀತೇ?

ಪ್ರತಿ ಊರಿನ ಬಸದಿಯಲ್ಲಿ ತಿಂಗಳಿಗೊಂದು ಸಂಜೆ ಮಕ್ಕಳನ್ನು ಕೂರಿಸಿ ಅವರ ಪ್ರಶ್ನೆಗಳನ್ನು ಕೇಳೋಣ. ಬಿಟ್ಟು ಬಂದ ಹುಡುಗನನ್ನು ಪೂಜೆಗೂ ಪಂಕ್ತಿಗೂ ಮೊದಲಿನಂತೆಯೇ ಕರೆಯೋಣ. ರಜೆಯಲ್ಲಿ ಧರ್ಮಸ್ಥಳಕ್ಕೆ ಹೋಗುವ ಕುಟುಂಬಗಳು ಲಾಯಿಲದ ಕೆಲಸವನ್ನೂ ಮಕ್ಕಳಿಗೆ ತಿಳಿಸಿ ಹೇಳಲಿ.