ಎರಡು ಹೆಸರಿನ ಬೀದಿಗಳ ಊರಿನಲ್ಲಿ

ದೇಶ ಸುತ್ತಬೇಕು, ಕೋಶ ಓದಬೇಕು ಎಂಬ ಮಾತನ್ನು ಬಾಲ್ಯದಿಂದಲೂ ಕೇಳುತ್ತ ಬಂದವರು ನಾವು. ಕೋಶ ಓದುವ ಭಾಗ್ಯ ಅಧ್ಯಾಪಕ ವೃತ್ತಿಯಿಂದಾಗಿ ದೊರೆಯಿತು. ದೇಶ ಸುತ್ತುವ ಯೋಗ ಮಾತ್ರ ವಯಸ್ಸು ಐವತ್ತು ದಾಟಿದ ಮೇಲೆ ಒದಗಿತು. 2025ರ ಫೆಬ್ರವರಿ 1 ಮತ್ತು 2ರಂದು ಬೆಲ್ಜಿಯಂ ದೇಶದ ರಾಜಧಾನಿಯಾದ ಬ್ರಸೆಲ್ಸ್‌ನಲ್ಲಿ ಜರುಗಿದ ಗಣಕ ತಂತ್ರಜ್ಞರ ಸಮ್ಮೇಳನದಲ್ಲಿ, ಕನ್ನಡ ಲಿಪಿಯನ್ನು ಕುರಿತು ಇಪ್ಪತ್ತು ನಿಮಿಷ ಮಾತನಾಡುವ ಅವಕಾಶ ನಮಗೆ ಲಭಿಸಿತ್ತು. ಆ ಪ್ರಯಾಣದ ಅನುಭವವನ್ನು ವಾಚಕ ಬಂಧುಗಳೊಡನೆ ಹಂಚಿಕೊಳ್ಳುವುದೇ ಈ ಬರಹದ ಉದ್ದೇಶ.

ಈ ಪ್ರಯಾಣದ ಬೇರು ಇರುವುದು ಧಾರವಾಡದ ನಮ್ಮ ಮನೆಯಲ್ಲಿಯೇ. ನಮ್ಮ ತಂದೆಯವರು ಪ್ರಾಥಮಿಕ ಶಾಲೆಯ ಶಿಕ್ಷಕರಾಗಿದ್ದರು. ಅವರು ತೀರಿಕೊಂಡ ತರುವಾಯ ತಾಯಿಯವರಿಗೆ ಬರಬೇಕಾಗಿದ್ದ ಕುಟುಂಬ ಪಿಂಚಣಿ ಏಳು ತಿಂಗಳ ಕಾಲ ಬರಲೇ ಇಲ್ಲ. ವಿಚಾರಿಸಲು ಹೋದರೆ, ಒಂದು ಕಚೇರಿಯ ಪಟ್ಟಿಯಲ್ಲಿರುವ ಹೆಸರಿಗೂ ಮತ್ತೊಂದು ಕಚೇರಿಯ ಪಟ್ಟಿಯಲ್ಲಿರುವ ಹೆಸರಿಗೂ ತಾಳೆಯಾಗುತ್ತಿಲ್ಲವೆಂಬ ಉತ್ತರ. ಎರಡೂ ಪಟ್ಟಿಗಳನ್ನು ತರಿಸಿ ನೋಡಿದೆವು. ಅಕ್ಷರ ಅಕ್ಷರವೂ ಒಂದೇ! ಪಾಪ, ಗುಮಾಸ್ತರು ತಾವೇ ಕನ್ನಡಕ ಒರೆಸಿಕೊಂಡು ಮತ್ತೆ ಮತ್ತೆ ಓದಿ, "ನನ್ನ ಕಣ್ಣಿಗೂ ಒಂದೇ ಸರ್, ಆದರೆ ಕಂಪ್ಯೂಟರ್ ಒಪ್ಪುತ್ತಿಲ್ಲ" ಎಂದರು.

ಕಾರಣ ತಿಳಿಯಲು ನಮಗೆ ಕೆಲವು ದಿನಗಳೇ ಬೇಕಾದವು. ತಾಯಿಯವರ ಹೆಸರು 'ನೀ' ಎಂಬ ಅಕ್ಷರದಿಂದ ಆರಂಭವಾಗುತ್ತದೆ. ಗಣಕಯಂತ್ರಕ್ಕೆ ಅಕ್ಷರದ ಆಕಾರ ತಿಳಿಯದು. ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆಯನ್ನು ಗೊತ್ತುಮಾಡಲಾಗಿದೆ. ಜಗತ್ತಿನ ಲಿಪಿಗಳಿಗೆಲ್ಲ ಹೀಗೆ ಸಂಖ್ಯೆ ಕೊಡುವ ಏರ್ಪಾಟಿಗೆ ಯೂನಿಕೋಡ್ ಎಂದು ಹೆಸರು. 1991ರಲ್ಲಿ ಪ್ರಕಟವಾದ ಅದರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನ ದೊರೆತಿತ್ತು. ಅದರಂತೆ 'ನ' ಅಕ್ಷರದ ಸಂಖ್ಯೆ 3240, ದೀರ್ಘ 'ೀ' ಚಿಹ್ನೆಯ ಸಂಖ್ಯೆ 3264. ಈ ಎರಡು ಸೇರಿದರೆ 'ನೀ'. ಆದರೆ ಇನ್ನೊಂದು ದಾರಿಯೂ ಉಂಟು. ನಾವೆಲ್ಲ ಕನ್ನಡ ಶಾಲೆಯಲ್ಲಿ ಕಾಗುಣಿತವನ್ನು ಹೇಗೆ ಕಲಿತೆವು? ನ ಗುಡಿಸು ನಿ, ನ ಗುಡಿಸಿನ ದೀರ್ಘ ನೀ ಎಂದಲ್ಲವೆ? ಹಾಗೆಯೇ 3240ರ ಮುಂದೆ ಗುಡಿಸಿನ ಸಂಖ್ಯೆಯಾದ 3263ನ್ನೂ, ಅದರ ಮುಂದೆ ದೀರ್ಘದ ಸಂಖ್ಯೆಯಾದ 3285ನ್ನೂ ಇಟ್ಟರೆ ಆಗಲೂ ಪರದೆಯ ಮೇಲೆ ಮೂಡುವುದು ಅದೇ 'ನೀ'. ಹಳೆಯ ಕಾಲದ ಅಕ್ಷರವಿನ್ಯಾಸದಲ್ಲಿದ್ದ ಪಟ್ಟಿಯನ್ನು ಹೊಸದಕ್ಕೆ ಬದಲಾಯಿಸುವಾಗ ಒಂದು ಕಚೇರಿಯ ತಂತ್ರಾಂಶ ಈ ಎರಡನೆಯ ದಾರಿ ಹಿಡಿದಿತ್ತು. ಎರಡನ್ನೂ ಒಂದೇ ಎಂದು ಭಾವಿಸತಕ್ಕದ್ದೆಂದು ಯೂನಿಕೋಡ್ ನಿಯಮವೇ ಹೇಳುತ್ತದೆ. ಹೋಲಿಸುವ ಮೊದಲು ಹೆಸರುಗಳನ್ನು ಏಕರೂಪಗೊಳಿಸುವ ಕ್ರಮವನ್ನೂ ಅದು ಕೊಟ್ಟಿದೆ. ಆದರೆ ತಂತ್ರಾಂಶ ಬರೆದವರು ಆ ಒಂದು ಸಾಲನ್ನು ಮರೆತಿದ್ದರು. ಮರೆವಿನ ಫಲವಾಗಿ ನಮ್ಮ ತಾಯಿಯವರು ಯಂತ್ರದ ಲೆಕ್ಕದಲ್ಲಿ ಇಬ್ಬರು ಹೆಂಗಸರಾಗಿದ್ದರು!

ಅರ್ಜಿಯ ಮೇಲೆ ಅರ್ಜಿ ಬರೆದು ಪಿಂಚಣಿಯನ್ನೇನೋ ಸರಿಪಡಿಸಿಕೊಂಡೆವು. ಆದರೆ ಮಗ ಗಣಕವಿಜ್ಞಾನ ಕಲಿಸುವವನಲ್ಲದ ಮನೆಯ ತಾಯಂದಿರ ಗತಿಯೇನು ಎಂಬ ಚಿಂತೆ ಮನಸ್ಸನ್ನು ಬಿಡಲಿಲ್ಲ. ಅದನ್ನೇ ವಿಷಯವನ್ನಾಗಿ ಮಾಡಿ ಬ್ರಸೆಲ್ಸ್ ಸಮ್ಮೇಳನಕ್ಕೆ ಬರೆದೆವು. ಆಯ್ಕೆಯಾದ ಪತ್ರ ಬಂದಿತು.

ಫಾಸ್ಡೆಮ್ ಎಂದು ಪ್ರಸಿದ್ಧವಾಗಿರುವ ಈ ಸಮ್ಮೇಳನ 2000ದಲ್ಲಿ ಆರಂಭವಾದುದು. ಯಾರು ಬೇಕಾದರೂ ಬಳಸಬಹುದಾದ, ಒಳಗನ್ನು ತೆರೆದು ನೋಡಿ ತಿದ್ದಬಹುದಾದ ಮುಕ್ತ ತಂತ್ರಾಂಶಗಳನ್ನು ರೂಪಿಸುವವರು ಅಲ್ಲಿ ಸೇರುತ್ತಾರೆ. ಪ್ರವೇಶ ಶುಲ್ಕವಿಲ್ಲ, ಹೆಸರು ನೋಂದಾಯಿಸುವ ಕಟ್ಟಳೆಯೂ ಇಲ್ಲ. ಎಲ್ಲ ಕೆಲಸ ಸ್ವಯಂಸೇವಕರದು. ನಮ್ಮಂತಹ ಸಣ್ಣ ಭಾಷಣಕಾರರ ಪ್ರಯಾಣದ ವೆಚ್ಚ ನಮ್ಮದೇ. ಬ್ಯಾಂಕಿನ ಲೆಕ್ಕಪತ್ರ, ಕಾಲೇಜಿನ ಅನುಮತಿ, ಮೂವತ್ತು ಸಾವಿರ ಯೂರೋಗಳ ವಿಮೆ ಮುಂತಾದ ಕಾಗದಗಳನ್ನು ಹೊಂದಿಸಿ ವೀಸಾ ಪಡೆಯುವುದೇ ಒಂದು ತಪಸ್ಸಾಯಿತು. ತಾಯಿಯವರು ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿಗಳನ್ನು ಕಟ್ಟಿಕೊಟ್ಟರು. ಧಾರವಾಡದ ಪೇಢೆಯನ್ನೂ ಇಡಲು ಹೋದಾಗ ನಾವು ತಡೆಯಬೇಕಾಯಿತು. ಹೊರದೇಶದ ಪ್ರಯಾಣಿಕರು ಹಾಲಿನ ಪದಾರ್ಥಗಳನ್ನು ಯುರೋಪ್ ಒಕ್ಕೂಟದೊಳಗೆ ಒಯ್ಯುವಂತಿಲ್ಲ. "ಪೇಢೆ ತಿನ್ನದ ದೇಶಕ್ಕೆ ಯಾಕ ಹೊಂಟಿ ತಮ್ಮಾ?" ಎಂದು ಅವರು ಕೇಳಿದ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿರಲಿಲ್ಲ.

ಶುಕ್ರವಾರ ಬೆಳಿಗ್ಗೆ ಬ್ರಸೆಲ್ಸ್ ತಲುಪಿದೆವು. ಎಂಟು ಗಂಟೆಯಾದರೂ ಸೂರ್ಯನ ಸುಳಿವಿಲ್ಲ. ಮೂಳೆ ಕೊರೆಯುವ ಚಳಿ. ವಸತಿಗೃಹವನ್ನು ಹುಡುಕುತ್ತ ಹೊರಟ ನಮಗೆ ಮೊದಲ ತೊಡಕು ಬೀದಿಯ ನಾಮಫಲಕಗಳಿಂದಲೇ ಎದುರಾಯಿತು. ಪ್ರತಿ ಬೀದಿಗೂ ಎರಡು ಹೆಸರು. ಒಂದು ಫ್ರೆಂಚ್, ಇನ್ನೊಂದು ಡಚ್. ಮೆಟ್ರೋ ರೈಲಿನ ಒಂದು ನಿಲ್ದಾಣಕ್ಕೆ ಫ್ರೆಂಚರು ಆರ್-ಲ್ವಾ ಎನ್ನುತ್ತಾರೆ, ಡಚ್ ನುಡಿಯವರು ಕುನ್ಸ್ಟ್-ವೆಟ್ ಎನ್ನುತ್ತಾರೆ. ಎರಡು ಬೇರೆ ಬೇರೆ ಊರುಗಳೆಂದೇ ನಾವು ತಿಳಿದಿದ್ದೆವು. ಎರಡರ ಅರ್ಥವೂ 'ಕಲೆ-ಕಾನೂನು' ಎಂದೇ ಎಂದು ಸಹಪ್ರಯಾಣಿಕರೊಬ್ಬರು ನಕ್ಕು ತಿಳಿಸಿದರು. ನಮ್ಮ ತಾಯಿಯವರ ಹೆಸರು ನೋಡಲು ಒಂದೇ ಆಗಿದ್ದು ಯಂತ್ರಕ್ಕೆ ಎರಡಾಗಿತ್ತು. ಇಲ್ಲಿ ನೋಡಲು ಎರಡಾಗಿರುವುದು ನಡೆಯುವವನಿಗೆ ಒಂದೇ ಬೀದಿ!

ಅಂದು ಸಂಜೆ ನಗರದ ಹೃದಯಭಾಗವಾದ ಗ್ರಾಂ ಪ್ಲಾಸ್ ಚೌಕವನ್ನು ನೋಡಿದೆವು. 1695ರಲ್ಲಿ ಫ್ರೆಂಚ್ ಸೈನ್ಯದ ಫಿರಂಗಿ ದಾಳಿಗೆ ಸಿಕ್ಕಿ ಈ ಚೌಕ ಬಹುಮಟ್ಟಿಗೆ ನೆಲಸಮವಾಯಿತು. ಆದರೂ ಇಲ್ಲಿಯ ವೃತ್ತಿಸಂಘಗಳವರು ಕೆಲವೇ ವರ್ಷಗಳಲ್ಲಿ ತಮ್ಮ ಮನೆಗಳನ್ನು ಮೊದಲಿಗಿಂತ ಚೆಲುವಾಗಿ ಕಟ್ಟಿಕೊಂಡರು. 96 ಮೀಟರ್ ಎತ್ತರದ ಶಿಖರವುಳ್ಳ ಪುರಭವನ ದೀಪದ ಬೆಳಕಿನಲ್ಲಿ ಹೊಳೆಯುತ್ತಿತ್ತು. 1998ರಲ್ಲಿ ಈ ಚೌಕ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದೆ.

ಸಮ್ಮೇಳನ ನಡೆಯುವುದು ಫ್ರೆಂಚ್ ಮಾಧ್ಯಮದ ಬ್ರಸೆಲ್ಸ್ ಮುಕ್ತ ವಿಶ್ವವಿದ್ಯಾಲಯದ ಸೊಲ್‌ಬಾಷ್ ಆವರಣದಲ್ಲಿ. 1834ರಲ್ಲಿ ಸ್ಥಾಪಿತವಾದ ಈ ವಿದ್ಯಾಸಂಸ್ಥೆ ಭಾಷೆಯ ಕಾರಣದಿಂದಲೇ ಒಡೆದು, 1970ರ ಕಾನೂನಿನಿಂದ ಫ್ರೆಂಚ್ ಮತ್ತು ಡಚ್ ನುಡಿಗಳ ಎರಡು ವಿಶ್ವವಿದ್ಯಾಲಯಗಳಾಯಿತು. ನೆರೆಯ ಲುವೆನ್ ನಗರದ ಪ್ರಾಚೀನ ವಿಶ್ವವಿದ್ಯಾಲಯವೂ 1968ರ ಕಲಹದ ನಂತರ ಹೀಗೆಯೇ ಇಬ್ಭಾಗವಾಯಿತು. ಅಲ್ಲಿಯ ಗ್ರಂಥಭಂಡಾರವನ್ನು ಬೆಸ ಸಂಖ್ಯೆಯವು ಒಬ್ಬರಿಗೆ, ಸರಿ ಸಂಖ್ಯೆಯವು ಇನ್ನೊಬ್ಬರಿಗೆ ಎಂದು ಹಂಚಿಕೊಂಡರಂತೆ. ಅಣ್ಣತಮ್ಮಂದಿರು ಪಾಲಾಗುವಾಗ ಹಂಡೆ ಒಬ್ಬನಿಗೆ, ಮುಚ್ಚಳ ಇನ್ನೊಬ್ಬನಿಗೆ ಹೋದ ಹಾಗೆ! ಎರಡು ಭಾಷೆಯ ಫಲಕಗಳ ಹಿಂದೆ ಎಷ್ಟು ಮನಸ್ತಾಪ ಹುದುಗಿದೆಯೆಂಬುದು ಆಗ ಅರಿವಾಯಿತು. ಬೆಳಗಾವಿಯ ಗಡಿಯನ್ನು ಕಂಡ ನಮಗೆ ಅದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಶನಿವಾರ ಸಾವಿರಾರು ಜನ ನೆರೆದಿದ್ದರು. ಕೋಣೆ ತುಂಬಿದೊಡನೆ ಸ್ವಯಂಸೇವಕರು ಬಾಗಿಲಿಗೆ 'ಭರ್ತಿಯಾಗಿದೆ' ಎಂಬ ಫಲಕ ತೂಗುಹಾಕುತ್ತಾರೆ. ಆಮೇಲೆ ಎಂತಹ ದೊಡ್ಡವರಿಗೂ ಪ್ರವೇಶವಿಲ್ಲ. ಮಧ್ಯಾಹ್ನ ಹಸಿವಾಗಿ ಅಂಗಳದ ಗಾಡಿಯಂಗಡಿಯ ಮುಂದೆ ನಿಂತೆವು. ಆಲೂಗಡ್ಡೆ ಕರಿದದ್ದರಲ್ಲಿ ದೋಷವೇನು ಎಂದು ಕೈಚಾಚಿದವರು, ಯಾವುದಕ್ಕೂ ಇರಲೆಂದು ವಿಚಾರಿಸಿದೆವು. ಆ ದೇಶದ ಸಂಪ್ರದಾಯದಂತೆ ದನದ ಕೊಬ್ಬಿನಲ್ಲಿ ಕರಿದದ್ದೆಂದು ಅಂಗಡಿಯಾತ ಪ್ರಾಮಾಣಿಕವಾಗಿ ಹೇಳಿದ. ಪಕ್ಕದ ವಾಫಲ್ ದೋಸೆಯಲ್ಲಿ ಮೊಟ್ಟೆ. ಪಡಸಾಲೆಯ ಬೆಂಚಿನ ಮೇಲೆ ಕುಳಿತು ತಾಯಿಯವರ ರೊಟ್ಟಿ ಬಿಚ್ಚಿದೆವು. ಅದರ ಸಪ್ಪಳ ಕೇಳಿ ತಿರುಗಿ ನೋಡಿದ ಇಬ್ಬರು ಯುವಕರಿಗೂ ಚಟ್ನಿಯೊಡನೆ ಒಂದೊಂದು ಚೂರು ಕೊಟ್ಟೆವು. ಅವರಲ್ಲೊಬ್ಬ ಮರುದಿನ ನಮ್ಮ ಭಾಷಣಕ್ಕೂ ಬಂದಿದ್ದ.

ಭಾನುವಾರ ನಮ್ಮ ಸರದಿ. ಸುಮಾರು ಅರವತ್ತು ಜನರಿದ್ದ ಕೋಣೆ. ಇಪ್ಪತ್ತೈದು ವರ್ಷ ಪಾಠ ಹೇಳಿದ ನಮ್ಮ ನಾಲಗೆಯೂ ಮೊದಲ ಎರಡು ನಿಮಿಷ ಒಣಗಿತ್ತು. ಪರದೆಯ ಮೇಲೆ ತೋರಿಸಿದ ಚಿತ್ರದಿಂದ ಕನ್ನಡವರಿಯದವರಿಗೆ ವಿಷಯ ಮುಟ್ಟುತ್ತಿಲ್ಲವೆಂದು ಅವರ ಮುಖಗಳೇ ಹೇಳುತ್ತಿದ್ದವು. ಆಗ ಯಂತ್ರವನ್ನು ಬದಿಗಿರಿಸಿ, ಸೀಮೆಸುಣ್ಣ ಹಿಡಿದು ಕರಿಹಲಗೆಯ ಮೇಲೆ ಒಂದನೆಯ ತರಗತಿಯ ಮಕ್ಕಳಿಗೆ ಬರೆಯುವಂತೆ ಬರೆದೆವು: ನ, ನಿ, ನೀ. ಕಾಗುಣಿತವನ್ನು ರಾಗವಾಗಿ ಹೇಳಿದೆವು. ಅವರಿಂದಲೂ ಹೇಳಿಸಿದೆವು. ನಮ್ಮ ತಾಯಿಯವರ ಹೆಸರಿನ ಮೊದಲ ಅಕ್ಷರ ಅರವತ್ತು ಪರದೇಶೀಯರ ಬಾಯಲ್ಲಿ ಮೊಳಗಿದಾಗ ನಮ್ಮ ಕಣ್ಣು ತುಂಬಿ ಬಂದಿತು. ಆಮೇಲೆ ಏಳು ತಿಂಗಳ ಪಿಂಚಣಿಯ ಕಥೆ ಹೇಳಿದೆವು. ಯಾರೂ ನಗಲಿಲ್ಲ.

ಭಾಷಣ ಮುಗಿದೊಡನೆ ಫ್ರೆಂಚ್ ಮಾತೃಭಾಷೆಯ ಒಬ್ಬರು ಎದ್ದು, ತಮ್ಮ ಹೆಸರಿನಲ್ಲಿರುವ ಮಾತ್ರೆಯುಳ್ಳ 'ಎ' ಅಕ್ಷರಕ್ಕೂ ಇದೇ ರೋಗವಿದೆ ಎಂದರು. ಅದನ್ನು 233 ಎಂಬ ಒಂದೇ ಸಂಖ್ಯೆಯಿಂದಲೂ ಬರೆಯಬಹುದು, 101 ಮತ್ತು 769 ಎಂದು ಬಿಡಿಸಿಯೂ ಬರೆಯಬಹುದು. ವಿಯೆಟ್ನಾಂ ದೇಶದ ತರುಣಿಯೊಬ್ಬಳು, ತಮ್ಮ ಭಾಷೆಯಲ್ಲಿಯಂತೂ ಒಂದೇ ಅಕ್ಷರದ ಮೇಲೆ ಎರಡೆರಡು ಚಿಹ್ನೆಗಳಿರುವುದರಿಂದ ಈ ಕಷ್ಟ ಇನ್ನೂ ಹೆಚ್ಚೆಂದಳು. ಕನ್ನಡದ ಕೊರತೆಯೆಂದು ನಾವು ಸಂಕೋಚದಿಂದ ಹೊತ್ತೊಯ್ದದ್ದು ಹಲವು ಭಾಷೆಗಳ ಸಮಾನ ಸಂಕಟವಾಗಿತ್ತು. ಬೇನೆ ಲಿಪಿಯದಲ್ಲ, ಎಲ್ಲರಿಗೂ ಒಂದೇ ಅಳತೆಗೋಲು ಸಾಕೆಂದು ತಿಳಿಯುವ ಅವಸರದ್ದು. ರೊಟ್ಟಿ ತಿಂದಿದ್ದ ಯುವಕ ಹೆಸರುಪಟ್ಟಿಗಳ ಒಂದು ತಂತ್ರಾಂಶವನ್ನು ನೋಡಿಕೊಳ್ಳುವವನಂತೆ. ಏಕರೂಪಗೊಳಿಸುವ ಆ ಒಂದು ಸಾಲನ್ನು ಅಂದೇ ರಾತ್ರಿ ಸೇರಿಸಿರುವುದಾಗಿ ನಮಗೆ ಬರೆದು ತಿಳಿಸಿದ.

ಊರಿಗೆ ಮರಳಿದಾಗ ತಾಯಿಯವರು ಪಡಸಾಲೆಯಲ್ಲಿಯೇ ಕಾಯುತ್ತಿದ್ದರು. ನಮ್ಮ ಊಟ, ನಿದ್ರೆಗಳ ವಿಚಾರವಾದ ಮೇಲೆ ಮೆಲ್ಲಗೆ ಕೇಳಿದರು: "ಅಲ್ಲೇನ ಮಂದಿಗೆ ನನ್ನ ಹೆಸರು ಓದಾಕ ಬಂತೇನಪಾ?"

"ಪೂರಾ ಹೆಸರು ಬರಲಿಲ್ಲವ್ವಾ, ಮೊದಲನೇ ಅಕ್ಷರ ಎಲ್ಲಾರಿಗೂ ಬಂತು" ಎಂದೆವು.

"ಅಷ್ಟ ಸಾಕ ಬಿಡು. ಉಳಿದದ್ದು ಮುಂದಿನ ಸರ್ತಿ ಕಲಿಸೀಯಂತ" ಎಂದು ನಕ್ಕು, ನಾವು ಬಿಟ್ಟು ಹೋಗಿದ್ದ ಪೇಢೆಯ ಡಬ್ಬಿಯನ್ನು ತಂದು ಮುಂದಿಟ್ಟರು.